ಮೂಲ ಮತ್ತು ಬದಲಿ ಪಿಸ್ಟನ್‌ಗಳು

ಪಿಸ್ಟನ್ (ಆಡುಬೆಣೆ) ಅಂತರ್ದಹನ ಎಂಜಿನಿನ ಸಿಲಿಂಡರಿನೊಳಗೆ ಹಿಂದೆ ಮುಂದೆ ಚಲಿಸುವ ಭಾಗ. ಇಂಧನ ಉರಿದಾಗ ಉಂಟಾಗುವ ಒತ್ತಡವನ್ನು ಇದು ಕನೆಕ್ಟಿಂಗ್ ರಾಡ್ ಮೂಲಕ ಕ್ರ್ಯಾಂಕ್‌ಶಾಫ್ಟ್‌ಗೆ ವರ್ಗಾಯಿಸುತ್ತದೆ. ಎಂಜಿನಿನ ತಯಾರಕರು ತಮ್ಮ ಹೆಸರಿನಲ್ಲಿ ಪೂರೈಸುವ ಪಿಸ್ಟನನ್ನು ಮೂಲ ಪಿಸ್ಟನ್ ಎಂದೂ ಬಿಡಿಭಾಗಗಳ ಮಾರುಕಟ್ಟೆಗಾಗಿ ಇತರ ಕಂಪನಿಗಳು ತಯಾರಿಸುವುದನ್ನು ಬದಲಿ ಪಿಸ್ಟನ್ ಎಂದೂ ಕರೆಯುತ್ತಾರೆ.

ತಯಾರಕರು

ವಾಹನ ಕಂಪನಿಗಳಲ್ಲಿ ಹಲವು ಪಿಸ್ಟನ್‌ಗಳನ್ನು ಸ್ವತಃ ತಯಾರಿಸದೆ ಪರಿಣತ ಕಾರ್ಖಾನೆಗಳಿಂದ ಕೊಳ್ಳುತ್ತವೆ. ಬೆಂಗಳೂರಿನ ಯಲಹಂಕದಲ್ಲಿಯೂ ಪಿಸ್ಟನ್ ಮತ್ತು ರಿಂಗ್‌ಗಳ ಇಂತಹ ಕಾರ್ಖಾನೆಯಿದೆ. ಈ ತಯಾರಕರು ತಮ್ಮದೇ ಹೆಸರಿನಲ್ಲಿ ಬಿಡಿಭಾಗಗಳನ್ನೂ ಮಾರುವುದರಿಂದ ಬದಲಿ ಪಿಸ್ಟನ್‌ಗಳೆಲ್ಲವೂ ಕಳಪೆಯಲ್ಲ. ಪ್ರಸಿದ್ಧ ಕಂಪನಿಯ ಮುದ್ರೆಯನ್ನು ಅನುಕರಿಸಿದ ನಕಲಿ ಮಾಲು ಮೂರನೆಯ ಬಗೆಯದು. ಅದನ್ನು ಬದಲಿ ಪಿಸ್ಟನ್‌ನೊಂದಿಗೆ ಸೇರಿಸಿ ಎಣಿಸಬಾರದು.

ಗುಣಮಟ್ಟದ ವ್ಯತ್ಯಾಸಗಳು

ಮಿಶ್ರಲೋಹ: ಸಾಮಾನ್ಯ ಪಿಸ್ಟನ್‌ಗಳು ಅಲ್ಯೂಮಿನಿಯಂ ಮತ್ತು ಸುಮಾರು ಶೇ. 12ರಷ್ಟು ಸಿಲಿಕಾನ್ ಇರುವ ಮಿಶ್ರಲೋಹದವು. ಸಿಲಿಕಾನ್ ಉಷ್ಣದಿಂದಾಗುವ ಹಿಗ್ಗುವಿಕೆಯನ್ನೂ ಸವೆತವನ್ನೂ ತಗ್ಗಿಸುತ್ತದೆ. ಅದರ ಪ್ರಮಾಣ ಕಡಿಮೆಯಾದರೆ ಪಿಸ್ಟನ್ ಹೆಚ್ಚು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು.

ಆಕಾರ: ಪಿಸ್ಟನ್ ಪೂರ್ಣ ವೃತ್ತಾಕಾರದ್ದಲ್ಲ. ತಣ್ಣಗಿರುವಾಗ ಸ್ವಲ್ಪ ಅಂಡಾಕಾರವಾಗಿಯೂ ತಲೆಯ ಕಡೆ ಕಿರಿದಾಗಿಯೂ ಇದ್ದು, ಬಿಸಿಯಾದಾಗ ಹಿಗ್ಗಿ ಸಿಲಿಂಡರಿಗೆ ಹೊಂದಿಕೊಳ್ಳುತ್ತದೆ. ಮಿಲಿಮೀಟರಿನ ನೂರನೆಯ ಭಾಗದಷ್ಟು ಸೂಕ್ಷ್ಮವಾದ ಈ ಅಳತೆಯನ್ನು ಕಣ್ಣಳತೆಯಿಂದ ತಿಳಿಯಲಾಗದು.

ತೂಕ: ಬಹು ಸಿಲಿಂಡರ್ ಎಂಜಿನ್‌ಗಳಲ್ಲಿ ಪಿಸ್ಟನ್‌ಗಳ ತೂಕ ಸಮನಾಗಿರಬೇಕು, ಇಲ್ಲವಾದರೆ ಕಂಪನ ಹೆಚ್ಚುತ್ತದೆ.

ರಿಂಗ್ ಗಾಡಿ ಮತ್ತು ಲೇಪನ: ಹಲವು ಡೀಸೆಲ್ ಪಿಸ್ಟನ್‌ಗಳಲ್ಲಿ ಮೇಲಿನ ರಿಂಗ್ ಕೂರುವ ಗಾಡಿಗೆ ನಿಕ್ಕಲ್ ಬೆರೆತ ಬೀಡುಕಬ್ಬಿಣದ ಬಳೆಯನ್ನು ಎರಕದಲ್ಲೇ ಸೇರಿಸಿರುತ್ತಾರೆ. ಪಕ್ಕಭಾಗಕ್ಕೆ ಗ್ರಾಫೈಟ್ ಲೇಪನವೂ ಇರಬಹುದು. ಅಗ್ಗದ ಮಾಲಿನಲ್ಲಿ ಇವನ್ನು ಕೈಬಿಟ್ಟರೆ ಗಾಡಿ ಬೇಗ ಸವೆದು, ಎಣ್ಣೆ ಉರಿದು ನೀಲಿ ಹೊಗೆ ಬರುತ್ತದೆ.

ನೆಟ್ಟಣ ಪರಿಸರದಲ್ಲಿ ಪ್ರಾಮುಖ್ಯ

ಕಡಬ ತಾಲೂಕಿನ ನೆಟ್ಟಣ ಪಶ್ಚಿಮ ಘಟ್ಟದ ತಪ್ಪಲಿನ ಊರು. ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣ ಇಲ್ಲಿದೆ. ಗುಂಡ್ಯದ ಮೂಲಕ ಶಿರಾಡಿ ಘಾಟಿ ಏರುವ ವಾಹನಗಳು ಭಾರ ಹೊತ್ತು ಬಹಳ ಹೊತ್ತು ಕೆಳ ಗೇರಿನಲ್ಲಿ ಸಾಗುವುದರಿಂದ ಎಂಜಿನ್ ಹೆಚ್ಚು ಕಾಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಪ್ರಕಟವಾಗದ ದೋಷ ಇಲ್ಲಿ ಬೇಗ ಹೊರಬೀಳುತ್ತದೆ.

ಅಡಿಕೆ ತೋಟಗಳಲ್ಲಿ ಕೊಳೆರೋಗ ತಡೆಯಲು ಮಳೆಗಾಲದ ಆರಂಭದಲ್ಲೂ ಬಳಿಕ 40–45 ದಿನಗಳಿಗೊಮ್ಮೆಯೂ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಮಳೆ ಬಿಡುವು ಕೊಟ್ಟ ಕೆಲವೇ ದಿನಗಳಲ್ಲಿ ಸಿಂಪರಣೆ ಯಂತ್ರದ ಪಿಸ್ಟನ್ ಕೆಟ್ಟರೆ ನಷ್ಟ ಬಿಡಿಭಾಗದ ಬೆಲೆಗೆ ನಿಲ್ಲದೆ ಫಸಲಿಗೂ ತಟ್ಟುತ್ತದೆ.

ಆಯ್ಕೆ ಮತ್ತು ಪರೀಕ್ಷೆ

ಸಿಲಿಂಡರ್ ಸವೆದಿದ್ದರೆ ಅದನ್ನು ಬೋರ್ ಮಾಡಿಸಿ 0.25 ಅಥವಾ 0.50 ಮಿ.ಮೀ. ದೊಡ್ಡ ಅಳತೆಯ ಪಿಸ್ಟನ್ ಹಾಕುವುದು ರೂಢಿ. ಪಿಸ್ಟನನ್ನು ಮೊದಲು ಕೊಂಡು, ಮೈಕ್ರೋಮೀಟರಿನಿಂದ ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸುವುದು ಸುರಕ್ಷಿತ. ರಿಂಗಿನ ತುದಿಗಳ ಅಂತರ, ತಲೆಯ ಮೇಲಿನ ದಿಕ್ಕಿನ ಗುರುತು ಮತ್ತು ಬಿಲ್ಲನ್ನು ಪರಿಶೀಲಿಸಬೇಕು. ಬಿಲ್ಲು ಇದ್ದರೆ ದೋಷಪೂರಿತ ಮಾಲಿನ ಬಗ್ಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ದೂರು ನೀಡುವುದು ಸುಲಭವಾಗುತ್ತದೆ.

ಹೊಸ ಪಿಸ್ಟನ್ ಬೇಗ ಕೆಟ್ಟಾಗಲೆಲ್ಲ ಅದರ ಗುಣಮಟ್ಟವೇ ಕಾರಣವೆನ್ನಲಾಗದು. ಎಣ್ಣೆಯ ಕೊರತೆ, ತಂಪುಕಾರಕ ವ್ಯವಸ್ಥೆಯ ದೋಷ, ಧೂಳು ತಡೆಯದ ಏರ್ ಫಿಲ್ಟರ್ ಮತ್ತು ತಪ್ಪು ಬೋರಿಂಗ್ ಮೂಲ ಪಿಸ್ಟನನ್ನೂ ಹಾಳುಮಾಡುತ್ತವೆ.