ತಂತಿ ಆಭರಣ ತಯಾರಿಕೆ

ತಂತಿ ಆಭರಣ ತಯಾರಿಕೆಯು ಲೋಹದ ತಂತಿಯನ್ನು ಬಾಗಿಸಿ, ಸುತ್ತಿ, ಹೆಣೆದು ಅಥವಾ ಬಡಿದು ಓಲೆ, ಸರ, ಬಳೆ, ಉಂಗುರ, ಪದಕ ಮೊದಲಾದ ಆಭರಣಗಳನ್ನು ಕೈಯಿಂದ ಮಾಡುವ ಕರಕುಶಲ ಕಲೆಯಾಗಿದೆ. ಇದರಲ್ಲಿ ಬಿಡಿಭಾಗಗಳನ್ನು ಸಾಮಾನ್ಯವಾಗಿ ಬೆಸುಗೆ ಹಾಕದೆ, ತಂತಿಯಲ್ಲೇ ಮಾಡಿದ ಕುಣಿಕೆ, ಸುತ್ತು ಮತ್ತು ಕೊಂಡಿಗಳಿಂದ ಜೋಡಿಸಲಾಗುತ್ತದೆ. ಕುಲುಮೆ, ಎರಕದ ಅಚ್ಚು ಅಥವಾ ಬೆಸುಗೆಯ ಸಲಕರಣೆಗಳ ಅಗತ್ಯವಿಲ್ಲದಿರುವುದರಿಂದ ಅಕ್ಕಸಾಲಿಗರ ವೃತ್ತಿಯ ಹೊರಗಿನವರೂ ಮನೆಯಲ್ಲಿ ಕಲಿಯಬಹುದಾದ ಹವ್ಯಾಸವಾಗಿ ಇದು ಹಲವು ದೇಶಗಳಲ್ಲಿ ಬೆಳೆದಿದೆ. ಬೆಸುಗೆ ಇಲ್ಲದ ಆಭರಣದ ಬಾಳಿಕೆಯು ತಂತಿಯ ದಪ್ಪದ ಆಯ್ಕೆ, ಲೋಹದ ಗಡಸುತನ ಮತ್ತು ಕುಣಿಕೆಗಳ ಅಚ್ಚುಕಟ್ಟುತನವನ್ನು ಅವಲಂಬಿಸಿರುತ್ತದೆ.

ಇತಿಹಾಸ

ತಂತಿಯ ಆಭರಣಗಳು ಬಹಳ ಪ್ರಾಚೀನವಾದವು. ಮೆಸೊಪೊಟೇಮಿಯಾದ ಉರ್ ನಗರದಲ್ಲಿ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ನಡೆಸಿದ ಉತ್ಖನನದಲ್ಲಿ ದೊರೆತ ರಾಜಸಮಾಧಿಗಳ ಒಡವೆಗಳಲ್ಲಿ ಚಿನ್ನದ ತಂತಿಯ ಕೆಲಸವಿದೆ. ಈ ಸಮಾಧಿಗಳು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಸೇರಿದವು. ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ ದೊರೆತ ಪ್ರಸಿದ್ಧ ಹಾರವೊಂದರ ತೂಗುಮಣಿಗಳನ್ನು ಚಿನ್ನದ ತಂತಿಯಿಂದ ಇಳಿಬಿಡಲಾಗಿದೆ. 1947ರ ದೇಶ ವಿಭಜನೆಯ ಸಂದರ್ಭದಲ್ಲಿ ಈ ಹಾರವನ್ನು ಎರಡು ಭಾಗ ಮಾಡಿ ಭಾರತ ಮತ್ತು ಪಾಕಿಸ್ತಾನಗಳಿಗೆ ಹಂಚಲಾಯಿತು.

ಪ್ರಾಚೀನ ಕುಶಲಕರ್ಮಿಗಳು ಲೋಹದ ಕಡ್ಡಿಯನ್ನು ಬಡಿದು ನೀಳವಾಗಿಸಿ, ಅಥವಾ ತೆಳುವಾದ ತಗಡಿನ ಪಟ್ಟಿಯನ್ನು ತಿರುಚಿ ಉರುಳಿಸಿ ತಂತಿ ಮಾಡುತ್ತಿದ್ದರು. ರಂಧ್ರಗಳಿರುವ ಉಕ್ಕಿನ ಫಲಕದ ಮೂಲಕ ಲೋಹವನ್ನು ಎಳೆದು ತಂತಿ ತೆಗೆಯುವ ವಿಧಾನವು ಮಧ್ಯಯುಗದಲ್ಲಿ ವ್ಯಾಪಕವಾಯಿತು. ಉದ್ದಕ್ಕೂ ಒಂದೇ ದಪ್ಪವಿರುವ ತಂತಿಯನ್ನು ಸುಲಭವಾಗಿ ಪಡೆಯುವುದು ಇದರಿಂದ ಸಾಧ್ಯವಾಯಿತು.

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಸ್ನೆಟಿಶ್ಯಾಮ್‌ನಲ್ಲಿ 1950ರಲ್ಲಿ ದೊರೆತ ಕಬ್ಬಿಣ ಯುಗದ ಕಂಠಾಭರಣವು ತಂತಿ ಕೆಲಸದ ಶ್ರೇಷ್ಠ ಮಾದರಿಗಳಲ್ಲಿ ಒಂದು. ಎಂಟು ತಂತಿಗಳನ್ನು ಹೊಸೆದು ಒಂದು ಹುರಿ ಮಾಡಿ, ಅಂತಹ ಎಂಟು ಹುರಿಗಳನ್ನು ಮತ್ತೆ ಹೊಸೆದು ಇದನ್ನು ರಚಿಸಲಾಗಿದೆ. ಹೀಗೆ ಒಟ್ಟು 64 ತಂತಿಗಳಿರುವ, ಚಿನ್ನ ಮತ್ತು ಬೆಳ್ಳಿಯ ಮಿಶ್ರಲೋಹದ ಈ ಆಭರಣವು ಒಂದು ಕಿಲೋಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ. ಇದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ವೈಕಿಂಗ್ ಕಾಲದ ನೆಲೆಗಳಲ್ಲಿ ದೊರೆತ, ತಂತಿಯ ಕುಣಿಕೆಗಳನ್ನು ಒಂದರೊಳಗೊಂದು ಹೆಣೆದ ಸರಪಳಿಗಳನ್ನು ಹವ್ಯಾಸಿಗಳು ‘ವೈಕಿಂಗ್ ಹೆಣಿಗೆ’ ಎನ್ನುತ್ತಾರೆ. ಪುರಾತತ್ವಜ್ಞರು ಇದೇ ಹೆಣಿಗೆಗೆ ‘ಟ್ರಿಚಿನೊಪೊಲಿ’ ಎಂಬ ಹೆಸರನ್ನು ಬಳಸಿದ್ದಾರೆ. ಇದು ತಮಿಳುನಾಡಿನ ತಿರುಚಿರಾಪಳ್ಳಿಗೆ ಬ್ರಿಟಿಷರ ಕಾಲದಲ್ಲಿದ್ದ ಹೆಸರಾಗಿದೆ.

ಸ್ಲೊವಾಕಿಯಾದಲ್ಲಿ ಊರೂರು ತಿರುಗುತ್ತಿದ್ದ ತಂತಿ ಕೆಲಸಗಾರರು ಬಿರುಕುಬಿಟ್ಟ ಮಣ್ಣಿನ ಪಾತ್ರೆಗಳನ್ನು ತಂತಿಯ ಬಲೆಯಿಂದ ಬಿಗಿದು ಕೊಡುತ್ತಿದ್ದರು. ಕಾಲಕ್ರಮೇಣ ಈ ದುರಸ್ತಿ ಕೆಲಸವು ಅಲಂಕಾರಿಕ ವಸ್ತು ಮತ್ತು ಆಭರಣಗಳ ಕಲೆಯಾಗಿ ರೂಪುಗೊಂಡಿತು. ‘ದ್ರೋಟಾರ್‌ಸ್ತ್ವೊ’ ಎಂದು ಕರೆಯಲ್ಪಡುವ ಈ ಕಲೆಯನ್ನು ಯುನೆಸ್ಕೊ 2019ರಲ್ಲಿ ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ಸೇರಿಸಿತು.

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ (1898–1976) ಹಿತ್ತಾಳೆ ಮತ್ತು ಬೆಳ್ಳಿಯ ತಂತಿಯನ್ನು ಬಡಿದು, ಸುರುಳಿ ಮಾಡಿ ಸುಮಾರು 1,800 ಆಭರಣಗಳನ್ನು ರಚಿಸಿದರು. ಅವರ ಆಭರಣಗಳಲ್ಲಿ ಬೆಸುಗೆಯ ಬಳಕೆ ವಿರಳ. ತಂತಿಯ ಬಾಗುವಿಕೆ ಮತ್ತು ಸುತ್ತಿಗೆಯ ಗುರುತುಗಳನ್ನು ಮರೆಮಾಡದೆ ಅವನ್ನೇ ವಿನ್ಯಾಸದ ಅಂಗವಾಗಿಸಿದ್ದು ಇವುಗಳ ವೈಶಿಷ್ಟ್ಯ.

ಕಾರ್ಯತತ್ವ

ಲೋಹವನ್ನು ಬಾಗಿಸಿದಾಗ, ತಿರುಚಿದಾಗ ಅಥವಾ ಬಡಿದಾಗ ಅದರ ಒಳರಚನೆಯಲ್ಲಿ ದೋಷಗಳು ಹೆಚ್ಚಿ, ಮುಂದಿನ ಬಾಗುವಿಕೆಗೆ ಪ್ರತಿರೋಧ ಉಂಟಾಗುತ್ತದೆ. ಮೃದುವಾದ ತಂತಿಯು ಕೆಲಸ ಸಾಗಿದಂತೆ ಗಡಸಾಗುವುದು ಇದೇ ಕಾರಣದಿಂದ. ಕೊಂಡಿಯೊಂದು ತನ್ನ ಆಕಾರವನ್ನು ಉಳಿಸಿಕೊಳ್ಳಲು ಈ ಗಡಸುತನವು ಅವಶ್ಯಕ. ಆದರೆ ಒಂದೇ ಜಾಗದಲ್ಲಿ ತಂತಿಯನ್ನು ಹಲವು ಬಾರಿ ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಅದು ಬಿರುಕುಬಿಟ್ಟು ಮುರಿಯುತ್ತದೆ. ಆದ್ದರಿಂದ ಪ್ರತಿಯೊಂದು ಬಾಗನ್ನೂ ಸಾಧ್ಯವಾದಷ್ಟು ಕಡಿಮೆ ಪ್ರಯತ್ನಗಳಲ್ಲಿ ಸರಿಯಾಗಿ ಮಾಡುವುದು ಈ ಕಲೆಯ ಮುಖ್ಯ ಕೌಶಲವಾಗಿದೆ.

ಗಡಸಾದ ತಾಮ್ರದ ತಂತಿಯನ್ನು ಮಂದವಾದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಮತ್ತೆ ಮೃದುವಾಗುತ್ತದೆ. ಕಾಯಿಸಿದಾಗ ಮೇಲ್ಮೈಯಲ್ಲಿ ಮೂಡುವ ಕಪ್ಪು ಪದರವನ್ನು ತಾಮ್ರದ ಪಾತ್ರೆಗಳನ್ನು ಬೆಳಗುವಂತೆಯೇ ಹುಣಸೆಹಣ್ಣು ಅಥವಾ ನಿಂಬೆರಸ ಮತ್ತು ಉಪ್ಪಿನಿಂದ ತೆಗೆಯಬಹುದು. ಅಲ್ಯೂಮಿನಿಯಂ ತಂತಿಗೆ ಈ ವಿಧಾನ ಸಲ್ಲದು. ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಈ ಲೋಹವು ಕರಗುವ ಮುನ್ನ ಕಣ್ಣಿಗೆ ಕಾಣುವಂತೆ ಕೆಂಪಾಗುವುದಿಲ್ಲ.

ಸಾಮಗ್ರಿಗಳು

ತಾಮ್ರ: ಮೃದುವಾದ, ಅಗ್ಗವಾದ ಲೋಹ. ಕಲಿಕೆಗೆ ಹೆಚ್ಚು ಸೂಕ್ತ. ಗಾಳಿಯಲ್ಲಿ ಕಂದಾಗುತ್ತದೆ. ಬೆವರಿನ ಸಂಪರ್ಕದಿಂದ ಕೆಲವರ ಚರ್ಮದ ಮೇಲೆ ಹಸಿರು ಗುರುತು ಬಿಡುತ್ತದೆ. ಈ ಗುರುತು ತೊಳೆದರೆ ಹೋಗುತ್ತದೆ.

ಹಿತ್ತಾಳೆ: ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಾಮ್ರಕ್ಕಿಂತ ಗಡಸು. ಬಾಗಿಸಿದಾಗ ತುಸು ಹಿಂದಕ್ಕೆ ಪುಟಿಯುವುದರಿಂದ ಆರಂಭಿಕರಿಗೆ ಕಷ್ಟವೆನಿಸಬಹುದು.

ಅಲ್ಯೂಮಿನಿಯಂ: ಹಗುರ ಮತ್ತು ಬಹಳ ಮೃದು. ದಪ್ಪ ಬಳೆಗಳಿಗೆ ಅನುಕೂಲಕರ. ಭಾರ ಹೊರಬೇಕಾದ ಕೊಂಡಿಗಳಿಗೆ ಸೂಕ್ತವಲ್ಲ.

ಬೆಳ್ಳಿ: ಶುದ್ಧ ಬೆಳ್ಳಿಯು ಬಹಳ ಮೃದುವಾದುದು. ‘925’ ಅಥವಾ ಸ್ಟರ್ಲಿಂಗ್ ಬೆಳ್ಳಿಯಲ್ಲಿ ಶೇ. 92.5 ಬೆಳ್ಳಿಯೂ ಉಳಿದ ಭಾಗ ಸಾಮಾನ್ಯವಾಗಿ ತಾಮ್ರವೂ ಇರುತ್ತದೆ. ಗಾಳಿಯಲ್ಲಿನ ಗಂಧಕದ ಸಂಯುಕ್ತಗಳಿಂದ ಇದು ಕಪ್ಪಾಗುತ್ತದೆ.

ಜರ್ಮನ್ ಸಿಲ್ವರ್: ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಹೆಸರಿನಲ್ಲಿ ಸಿಲ್ವರ್ ಎಂದಿದ್ದರೂ ಇದರಲ್ಲಿ ಬೆಳ್ಳಿ ಇರುವುದಿಲ್ಲ.

ಎನಾಮಲ್ ಲೇಪಿತ ತಾಮ್ರ: ಮೋಟಾರ್ ಸುರುಳಿಗಳಿಗೆ ಬಳಸುವ ಈ ತಂತಿಯ ಮೇಲೆ ತೆಳುವಾದ ನಿರೋಧಕ ಲೇಪವಿರುತ್ತದೆ. ಲೇಪವು ಬಣ್ಣ ಮಾಸದಂತೆ ತಡೆಯುತ್ತದೆ. ಇಕ್ಕಳದ ಒತ್ತಡದಿಂದ ಅದು ಕೀಳಬಹುದು.

ತಂತಿಯ ದಪ್ಪ

ತಂತಿಯ ದಪ್ಪವನ್ನು ಗೇಜ್ ಸಂಖ್ಯೆಯಿಂದ ಸೂಚಿಸಲಾಗುತ್ತದೆ. ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. ಅಮೆರಿಕನ್ ವೈರ್ ಗೇಜ್ ಮತ್ತು ಬ್ರಿಟಿಷ್ ಮೂಲದ ಸ್ಟ್ಯಾಂಡರ್ಡ್ ವೈರ್ ಗೇಜ್ ಎಂಬ ಎರಡು ಪದ್ಧತಿಗಳಲ್ಲಿ ಒಂದೇ ಸಂಖ್ಯೆಗೆ ಬೇರೆ ಬೇರೆ ಅಳತೆಗಳಿವೆ. ಭಾರತದಲ್ಲಿ ಮೋಟಾರ್ ಸುರುಳಿಯ ತಂತಿಯು ಹೆಚ್ಚಾಗಿ ಎರಡನೆಯ ಪದ್ಧತಿಯಲ್ಲಿ ದೊರೆಯುತ್ತದೆ. ಆಭರಣ ತಯಾರಿಕೆಯ ಅನೇಕ ಪುಸ್ತಕಗಳು ಮೊದಲನೆಯದನ್ನು ಅನುಸರಿಸುತ್ತವೆ. ಗೊಂದಲ ತಪ್ಪಿಸಲು ಮಿಲಿಮೀಟರ್ ಅಳತೆಯನ್ನು ಗಮನಿಸುವುದು ಸೂಕ್ತ.

18 ಗೇಜ್: ಅಮೆರಿಕನ್ 1.02 ಮಿ.ಮೀ., ಸ್ಟ್ಯಾಂಡರ್ಡ್ 1.22 ಮಿ.ಮೀ. – ಕೊಂಡಿ, ಸರಪಳಿಯ ಬಳೆಗಳು, ಪದಕದ ಚೌಕಟ್ಟು
20 ಗೇಜ್: ಅಮೆರಿಕನ್ 0.81 ಮಿ.ಮೀ., ಸ್ಟ್ಯಾಂಡರ್ಡ್ 0.91 ಮಿ.ಮೀ. – ಓಲೆಯ ಕೊಕ್ಕೆ, ಮಣಿಯ ಕುಣಿಕೆ
24 ಗೇಜ್: ಅಮೆರಿಕನ್ 0.51 ಮಿ.ಮೀ., ಸ್ಟ್ಯಾಂಡರ್ಡ್ 0.56 ಮಿ.ಮೀ. – ಸಣ್ಣ ಮಣಿಗಳು, ಸುತ್ತು
28 ಗೇಜ್: ಅಮೆರಿಕನ್ 0.32 ಮಿ.ಮೀ., ಸ್ಟ್ಯಾಂಡರ್ಡ್ 0.38 ಮಿ.ಮೀ. – ಹೆಣಿಗೆ, ಚೌಕಟ್ಟಿನ ಮೇಲಿನ ನೇಯ್ಗೆ

ಉಪಕರಣಗಳು

ಆರಂಭಕ್ಕೆ ಮೂರು ಉಪಕರಣಗಳು ಸಾಕಾಗುತ್ತವೆ. ಕುಣಿಕೆ ಮಾಡಲು ತುದಿಯತ್ತ ಸಪೂರವಾಗುವ ದುಂಡು ಮೂತಿಯ ಇಕ್ಕಳ, ತಂತಿಯನ್ನು ಹಿಡಿದು ಬಾಗಿಸಲು ಚಪ್ಪಟೆ ಮೂತಿಯ ಇಕ್ಕಳ ಮತ್ತು ತಂತಿ ಕತ್ತರಿಸುವ ಕಟರ್ ಇವೇ ಆ ಮೂರು. ಇಕ್ಕಳದ ಒಳಮೈಯಲ್ಲಿ ಹಲ್ಲುಗಳಿದ್ದರೆ ಮೃದುವಾದ ತಂತಿಯ ಮೇಲೆ ಗೀರು ಬೀಳುತ್ತದೆ. ಆದ್ದರಿಂದ ನುಣುಪಾದ ಇಕ್ಕಳಗಳನ್ನೇ ಬಳಸಬೇಕು. ತುದಿಗಳನ್ನು ಉಜ್ಜಿ ಮೊಂಡಾಗಿಸಲು ಸಣ್ಣ ಅರ, ಅಳತೆಪಟ್ಟಿ, ಚಪ್ಪಟೆ ಮಾಡಲು ಸುತ್ತಿಗೆ ಹಾಗೂ ಉಕ್ಕಿನ ಅಡಿಗಲ್ಲು ನಂತರದ ಹಂತದಲ್ಲಿ ಬೇಕಾಗುತ್ತವೆ. ಸಮಗಾತ್ರದ ಸುರುಳಿ ಸುತ್ತಲು ಹೆಣಿಗೆ ಕಡ್ಡಿ ಅಥವಾ ಪೆನ್ನಿನಂತಹ ದುಂಡನೆಯ ವಸ್ತುಗಳನ್ನು ಬಳಸಬಹುದು.

ಮೂಲ ತಂತ್ರಗಳು

ಸರಳ ಕುಣಿಕೆ: ಮಣಿಯ ಮೇಲೆ ಉಳಿದ ತಂತಿಯನ್ನು ಲಂಬಕೋನದಲ್ಲಿ ಬಾಗಿಸಿ, ದುಂಡು ಮೂತಿಯ ಇಕ್ಕಳದಿಂದ ಹಿಂದಕ್ಕೆ ಸುತ್ತಿ ವೃತ್ತ ಮಾಡುವುದು. ಕುಣಿಕೆಯ ಮಧ್ಯಭಾಗವು ಮಣಿಯ ರಂಧ್ರದ ನೇರಕ್ಕೆ ಬರಬೇಕು.

ಸುತ್ತಿದ ಕುಣಿಕೆ: ಕುಣಿಕೆ ಮಾಡಿದ ಮೇಲೆ ಉಳಿದ ತುದಿಯನ್ನು ಅದರ ಕತ್ತಿನ ಸುತ್ತ ಎರಡು ಮೂರು ಬಾರಿ ಬಿಗಿಯಾಗಿ ಸುತ್ತುವುದು. ಇದು ತೆರೆದುಕೊಳ್ಳುವುದಿಲ್ಲವಾದ್ದರಿಂದ ಸರ ಮತ್ತು ಬಳೆಗಳಿಗೆ ಹೆಚ್ಚು ಭದ್ರ.

ಬಿಡಿ ಬಳೆಗಳು: ಕಡ್ಡಿಯ ಮೇಲೆ ಸುತ್ತಿದ ಸುರುಳಿಯನ್ನು ಕತ್ತರಿಸಿ ಪಡೆದ ಸಣ್ಣ ವೃತ್ತಗಳು. ಇವನ್ನು ತೆರೆಯುವಾಗ ತುದಿಗಳನ್ನು ಅಕ್ಕಪಕ್ಕಕ್ಕೆ ಎಳೆಯದೆ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಗಿಸಬೇಕು. ಇಲ್ಲವಾದರೆ ವೃತ್ತಾಕಾರ ಕೆಡುತ್ತದೆ. ಒಂದು ಬಳೆಗೆ ಬೇಕಾದ ತಂತಿಯ ಉದ್ದವನ್ನು ಒಳವ್ಯಾಸ ಮತ್ತು ತಂತಿಯ ದಪ್ಪಗಳನ್ನು ಕೂಡಿ 3.14ರಿಂದ ಗುಣಿಸಿ ತಿಳಿಯಬಹುದು. ಒಳವ್ಯಾಸ 5 ಮಿ.ಮೀ., ದಪ್ಪ 1 ಮಿ.ಮೀ. ಇದ್ದರೆ ಸುಮಾರು 19 ಮಿ.ಮೀ. ತಂತಿ ಬೇಕಾಗುತ್ತದೆ.

ಹರಳಿನ ಸುತ್ತು: ರಂಧ್ರವಿಲ್ಲದ ಹರಳನ್ನು ತಂತಿಯ ಚೌಕಟ್ಟಿನೊಳಗೆ ಕೂರಿಸಿ, ಅಂಚುಗಳ ಮೇಲೆ ತಂತಿಯನ್ನು ಬಾಗಿಸಿ ಹಿಡಿದಿಡುವುದು.

ನೇಯ್ಗೆ: ಎರಡು ಅಥವಾ ಹೆಚ್ಚು ದಪ್ಪ ತಂತಿಗಳ ನಡುವೆ ತೆಳುವಾದ ತಂತಿಯನ್ನು ಬುಟ್ಟಿ ಹೆಣೆಯುವ ಕ್ರಮದಲ್ಲಿ ಹಾಯಿಸುವುದು.

ಕಲಿಕೆಯ ಕ್ರಮ

ಸಾಮಾನ್ಯವಾಗಿ ಒಂದು ಮಣಿಯ ಓಲೆಯಿಂದ ಕಲಿಕೆ ಆರಂಭವಾಗುತ್ತದೆ. 0.8 ಮಿ.ಮೀ. ದಪ್ಪದ ತಂತಿಯ ಒಂದು ತುದಿಯಲ್ಲಿ ಸಣ್ಣ ಸುರುಳಿ ಮಾಡಿ, ಮಣಿಯನ್ನು ಪೋಣಿಸಿ, ಮೇಲೆ ಸುಮಾರು 9 ಮಿ.ಮೀ. ಉಳಿಸಿ ಕತ್ತರಿಸಬೇಕು. ಈ ಭಾಗದಿಂದ 2 ಮಿ.ಮೀ. ಒಳವ್ಯಾಸದ ಸರಳ ಕುಣಿಕೆ ಮಾಡಬಹುದು. ನಂತರ ಸುಮಾರು 5 ಸೆಂ.ಮೀ. ತಂತಿಯ ತುದಿಯಲ್ಲಿ ಕುಣಿಕೆ ಮಾಡಿ, ಉಳಿದ ಭಾಗವನ್ನು ಪೆನ್ನಿನ ಮೇಲೆ ಬಾಗಿಸಿದರೆ ಕೊಕ್ಕೆಯಾಗುತ್ತದೆ. ಕಿವಿಯೊಳಗೆ ಹೋಗುವ ತುದಿಯನ್ನು ಅರದಿಂದ ದುಂಡಗೆ ಉಜ್ಜುವುದು ಕಡ್ಡಾಯ.

ಒಂದು ಓಲೆಗಿಂತ ಅದರ ಜೋಡಿಯನ್ನು ಅದೇ ಅಳತೆಯಲ್ಲಿ ಮಾಡುವುದು ಕಷ್ಟ. ದುಂಡು ಇಕ್ಕಳದ ಮೂತಿಯ ಮೇಲೆ ಗುರುತು ಹಾಕಿಕೊಂಡು ಪ್ರತಿ ಬಾರಿಯೂ ಅಲ್ಲಿಯೇ ತಂತಿಯನ್ನು ಹಿಡಿಯುವುದರಿಂದ ಕುಣಿಕೆಗಳು ಸಮಗಾತ್ರದಲ್ಲಿ ಬರುತ್ತವೆ. ತಾಮ್ರದಲ್ಲಿ ಅಭ್ಯಾಸವಾದ ಮೇಲೆ ಬೆಳ್ಳಿಯನ್ನು ಬಳಸುವುದು ರೂಢಿ.

ಆರಂಭಿಕರ ಕೆಲಸದಲ್ಲಿ ಪೂರ್ಣವಾಗಿ ಮುಚ್ಚದ ಕುಣಿಕೆ, ಇಕ್ಕಳದ ಗುರುತು, ಹೊರಚಾಚಿದ ಚೂಪು ತುದಿ ಮತ್ತು ಭಾರಕ್ಕೆ ತಕ್ಕದ್ದಲ್ಲದ ತೆಳು ತಂತಿ ಇವು ಸಾಮಾನ್ಯ ದೋಷಗಳು. ಸರವೊಂದರಲ್ಲಿ ಒಂದು ಕುಣಿಕೆ ಸಡಿಲವಿದ್ದರೂ ಇಡೀ ಸರ ಬಿಡಿಸಿಕೊಳ್ಳುವುದರಿಂದ, ಧರಿಸುವ ಮುನ್ನ ಪ್ರತಿ ಜೋಡಣೆಯನ್ನೂ ಮೆಲ್ಲನೆ ಎಳೆದು ಪರೀಕ್ಷಿಸಲಾಗುತ್ತದೆ.

ಸುರಕ್ಷತೆ

ತಂತಿಯ ತುಂಡುಗಳು ಕತ್ತರಿಸುವಾಗ ವೇಗವಾಗಿ ಸಿಡಿಯುತ್ತವೆ. ಆದ್ದರಿಂದ ರಕ್ಷಣಾ ಕನ್ನಡಕ ಧರಿಸಿ, ಕತ್ತರಿಸುವ ತುದಿಯನ್ನು ಬೆರಳಿನಿಂದ ಹಿಡಿದು, ಕೆಳಮುಖವಾಗಿ ಕತ್ತರಿಸಬೇಕು. ಎನಾಮಲ್ ಲೇಪಿತ ತಂತಿಯನ್ನು ಸುಟ್ಟರೆ ಹಾನಿಕಾರಕ ಹೊಗೆ ಬರುತ್ತದೆ. ಹಿತ್ತಾಳೆಯನ್ನು ಅತಿಯಾಗಿ ಕಾಯಿಸಿದರೆ ಸತುವಿನ ಹೊಗೆ ಏಳುತ್ತದೆ.

ನಿಕಲ್ ಲೋಹವು ಚರ್ಮದ ಅಲರ್ಜಿಗೆ ಸಾಮಾನ್ಯ ಕಾರಣವಾಗಿದೆ. ಯೂರೋಪಿಯನ್ ಒಕ್ಕೂಟದ ನಿಯಮದಂತೆ ಚರ್ಮಕ್ಕೆ ದೀರ್ಘಕಾಲ ತಾಗುವ ವಸ್ತುಗಳಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂಗಿಂತ, ಚುಚ್ಚಿದ ಕಿವಿ ಮೂಗುಗಳಲ್ಲಿ ತೊಡಿಸುವ ಭಾಗಗಳಿಂದ 0.2 ಮೈಕ್ರೊಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಬಾರದು. ಈ ಕಾರಣದಿಂದ ಜರ್ಮನ್ ಸಿಲ್ವರ್ ತಂತಿಯು ಓಲೆಯ ಕೊಕ್ಕೆಗೆ ಸೂಕ್ತವಲ್ಲ. ಹೆಸರನ್ನು ನೋಡಿ ಬೆಳ್ಳಿಯೆಂದು ಭಾವಿಸಿ ಕೊಳ್ಳುವವರಿಗೆ ತೊಂದರೆಯಾಗುವ ಸಾಧ್ಯತೆ ಇರುವುದರಿಂದ, ಕೈಯಿಂದ ಮಾಡಿದ ಆಭರಣವನ್ನು ಉಡುಗೊರೆಯಾಗಿ ಕೊಡುವಾಗ ಅಥವಾ ಮಾರುವಾಗ ಲೋಹದ ನಿಜವಾದ ಸಂಯೋಜನೆಯನ್ನು ತಿಳಿಸುವುದು ಅಗತ್ಯ.

ಸಂಬಂಧಿತ ಕಲೆಗಳು

ಒಡಿಶಾದ ಕಟಕ್‌ನ ತಾರಕಸಿ ಮತ್ತು ತೆಲಂಗಾಣದ ಕರೀಂನಗರದ ಬೆಳ್ಳಿ ಕೆಲಸಗಳಲ್ಲಿ ಕೂದಲೆಳೆಯಂತಹ ಬೆಳ್ಳಿ ತಂತಿಯನ್ನು ಬಾಗಿಸಿ ಜಾಲರಿಯಂತೆ ಜೋಡಿಸಲಾಗುತ್ತದೆ. ಇವುಗಳಲ್ಲಿ ತಂತಿಗಳನ್ನು ಬೆಸುಗೆಯಿಂದ ಸೇರಿಸುವುದರಿಂದ ಇವು ಹವ್ಯಾಸಿಗಳ ತಂತಿ ಕೆಲಸಕ್ಕಿಂತ ಭಿನ್ನವಾದ, ದೀರ್ಘ ತರಬೇತಿ ಬೇಡುವ ವೃತ್ತಿಕಲೆಗಳಾಗಿವೆ. ಕರ್ನಾಟಕದ ಬೀದರಿನ ಬಿದರಿ ಕಲೆಯಲ್ಲಿ ಸತು ಪ್ರಧಾನವಾದ ಮಿಶ್ರಲೋಹದ ಮೇಲೆ ಕೊರೆದ ಗೆರೆಗಳೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಲಾಗುತ್ತದೆ. ಕರಿಮಣಿ ಸರದ ಕೆಲವು ಮಾದರಿಗಳಲ್ಲಿ ಮಣಿಗಳನ್ನು ಚಿನ್ನದ ತಂತಿಯಲ್ಲಿ ಪೋಣಿಸಿ, ಎರಡೂ ತುದಿಗಳನ್ನು ಕುಣಿಕೆ ಮಾಡಿ ಮುಂದಿನ ಕೊಂಡಿಗೆ ಸೇರಿಸಲಾಗುತ್ತದೆ. ಇದು ಹವ್ಯಾಸಿಗಳು ಮೊದಲು ಕಲಿಯುವ ಕುಣಿಕೆಯ ತತ್ವವೇ ಆಗಿದೆ.

ಮಣಿ ಪೋಣಿಸುವುದು, ಕ್ರೋಶ, ಮ್ಯಾಕ್ರಮೆ, ಕಾಗದದ ಕ್ವಿಲ್ಲಿಂಗ್ ಮತ್ತು ಸುಟ್ಟ ಜೇಡಿಮಣ್ಣಿನ ಆಭರಣಗಳು ಇದರೊಂದಿಗೆ ಕಲಿಯಲಾಗುವ ಇತರ ಹವ್ಯಾಸಗಳು. ಕ್ರೋಶದ ಹೆಣಿಗೆಯನ್ನು ನೂಲಿನ ಬದಲು 28 ಗೇಜ್‌ನಷ್ಟು ತೆಳುವಾದ ತಂತಿಯಲ್ಲಿಯೂ ಮಾಡಬಹುದು. ನೂಲಿನಲ್ಲಿ ತಪ್ಪಾದ ಹೆಣಿಗೆಯನ್ನು ಬಿಚ್ಚಿ ಮತ್ತೆ ಹೆಣೆಯಬಹುದಾದರೂ ತಂತಿಯಲ್ಲಿ ಹಾಗೆ ಪದೇ ಪದೇ ಮಾಡಲಾಗದು. ಬಿಚ್ಚಿದ ತಂತಿಯಲ್ಲಿ ಹಳೆಯ ಬಾಗುಗಳು ಉಳಿಯುತ್ತವೆ ಮತ್ತು ಅದು ಗಡಸಾಗಿ ತುಂಡಾಗುತ್ತದೆ.

ಇವನ್ನೂ ನೋಡಿ

ಬಿದರಿ ಕಲೆ
ತಾಮ್ರ
ಮಿಶ್ರಲೋಹ
ಕರಿಮಣಿ
ಕರಕುಶಲ ಕಲೆ