ಹಳಗನ್ನಡ ಪ್ರಣಯಕಥೆಗಳ ನಾಯಕರು: ಲಕ್ಷಣ ಮತ್ತು ಲಕ್ಷ್ಯ

ಭಾರತೀಯ ಕಾವ್ಯಮೀಮಾಂಸೆಯಲ್ಲಿ ನಾಯಕನ ವರ್ಗೀಕರಣಕ್ಕೆ ದೀರ್ಘವಾದ ಇತಿಹಾಸವಿದೆ. ಭರತನ ನಾಟ್ಯಶಾಸ್ತ್ರವು ಧೀರೋದ್ಧತ, ಧೀರಲಲಿತ, ಧೀರೋದಾತ್ತ, ಧೀರಪ್ರಶಾಂತ ಎಂಬ ನಾಲ್ಕು ಪ್ರಕಾರಗಳನ್ನು ಹೇಳಿ, ಅವನ್ನು ಕ್ರಮವಾಗಿ ದೇವತೆಗಳಿಗೂ ಅರಸರಿಗೂ ಸೇನಾಪತಿ ಮತ್ತು ಅಮಾತ್ಯರಿಗೂ ಬ್ರಾಹ್ಮಣ ಮತ್ತು ವಣಿಜರಿಗೂ ಹೊಂದಿಸುತ್ತದೆ. 10ನೆಯ ಶತಮಾನದಲ್ಲಿ ಧನಂಜಯನು ದಶರೂಪಕದಲ್ಲಿ ಇದೇ ನಾಲ್ಕನ್ನು ಸ್ವಭಾವದ ನೆಲೆಯಿಂದ ವಿವರಿಸುತ್ತಾನೆ. ಶೃಂಗಾರದ ನಾಯಕನಿಗೆ ಇನ್ನೂ ಒಂದು ಅಳತೆಗೋಲಿದೆ. ನಾಯಿಕೆಯೊಡನೆ ಅವನು ನಡೆದುಕೊಳ್ಳುವ ಬಗೆಯನ್ನು ಅನುಸರಿಸಿ ಅವನು ಅನುಕೂಲ, ದಕ್ಷಿಣ, ಶಠ ಅಥವಾ ಧೃಷ್ಟನೆನಿಸುತ್ತಾನೆ. ಒಬ್ಬಳಲ್ಲೇ ನಿಷ್ಠನಾದವನು ಅನುಕೂಲ. ಹಲವರಲ್ಲಿ ಸಮಭಾವವುಳ್ಳವನು ದಕ್ಷಿಣ. ಮರೆಯಲ್ಲಿ ವಂಚಿಸುವವನು ಶಠ. ತಪ್ಪು ಬಯಲಾದರೂ ನಾಚದವನು ಧೃಷ್ಟ.

ಪ್ರಣಯಕಥೆಗೆ ಸಹಜವಾಗಿ ಒಪ್ಪುವವನು ಧೀರಲಲಿತ. ರಾಜ್ಯದ ಹೊರೆಯನ್ನು ಮಂತ್ರಿಗಳಿಗೆ ವಹಿಸಿ ನಿಶ್ಚಿಂತನಾಗಿರುವ, ಕಲಾಸಕ್ತನೂ ಮೃದುಸ್ವಭಾವದವನೂ ಆದ ವತ್ಸರಾಜ ಉದಯನನು ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ ಈ ವರ್ಗೀಕರಣದಲ್ಲಿ ಒಂದು ಅಂಶ ಗಮನಾರ್ಹವಾದುದು. ನಾಲ್ಕು ಹೆಸರುಗಳಿಗೂ ಆದಿಯಲ್ಲಿ ‘ಧೀರ’ ಎಂಬ ಪದವಿದೆ. ಉದ್ಧತನಾಗಲಿ ಲಲಿತನಾಗಲಿ, ನಾಯಕನಾದವನ ಧೃತಿ ಕೆಡಬಾರದೆಂಬುದು ಲಕ್ಷಣಕಾರರ ನಿರೀಕ್ಷೆ. ಪ್ರಣಯದಲ್ಲಿ ಧೃತಿಯೇ ಕೆಟ್ಟಾಗ ನಾಯಕನ ಗತಿಯೇನು? ಲಕ್ಷಣಗ್ರಂಥಗಳು ಬದಿಗಿರಿಸಿದ ಈ ಪ್ರಶ್ನೆಯನ್ನು ಕನ್ನಡದ ಕವಿಗಳು, ವಿಶೇಷವಾಗಿ ಜೈನ ಕವಿಗಳು, ಲಕ್ಷ್ಯದ ಮೂಲಕ ಎತ್ತಿಕೊಂಡರು.

ಮೊದಲ ಮಾದರಿ, ಅರಸಿ ಹೊರಡುವ ನಾಯಕ. 12ನೆಯ ಶತಮಾನದ ನೇಮಿಚಂದ್ರನ ಲೀಲಾವತಿ ಪ್ರಬಂಧವು ಸುಬಂಧುವಿನ ವಾಸವದತ್ತೆಯ ಕಥಾಬಂಧವನ್ನು ಅನುಸರಿಸಿದರೂ ನಾಯಕನನ್ನು ಬನವಾಸಿಯ ಕದಂಬ ರಾಜಕುಮಾರನನ್ನಾಗಿ ಮಾಡುತ್ತದೆ. ಕಂದರ್ಪನು ಕನಸಿನಲ್ಲಿ ಕಂಡ ಕನ್ಯೆಯನ್ನು ಹುಡುಕುತ್ತ ಗೆಳೆಯ ಮಕರಂದನೊಡನೆ ಹೊರಡುತ್ತಾನೆ. ಅತ್ತ ಲೀಲಾವತಿಯೂ ಕನಸಿನಲ್ಲಿ ಅವನನ್ನೇ ಕಂಡಿರುತ್ತಾಳೆ. ಇಲ್ಲಿ ಕನಸು ಸುಳ್ಳಾಗುವುದಿಲ್ಲ, ಬಯಕೆ ದಾರಿ ತಪ್ಪಿಸುವುದಿಲ್ಲ. ವಿರಹದ ಕಳವಳವೆಲ್ಲ ಸಮಾಗಮದಲ್ಲಿ ಶಮನವಾಗುತ್ತದೆ. ಧೀರಲಲಿತನ ಲಕ್ಷಣಕ್ಕೆ ಕಂದರ್ಪನು ಬಹುಮಟ್ಟಿಗೆ ಹೊಂದುತ್ತಾನೆ.

ಎರಡನೆಯ ಮಾದರಿ, ಜನ್ಮಾಂತರದ ನಾಯಕ. 10ನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದಾಗ, ಪ್ರೇಮದ ವೇದನೆಯಿಂದಲೇ ಪ್ರಾಣ ಬಿಡುವ ಪುಂಡರೀಕನೂ ಗೆಳೆಯನ ಸಾವಿನ ಸುದ್ದಿ ಕೇಳಿ ಎದೆಯೊಡೆಯುವ ಚಂದ್ರಾಪೀಡನೂ ಕನ್ನಡದ ಓದುಗರಿಗೆ ಪರಿಚಿತರಾದರು. ಅಲ್ಲಿ ಧೈರ್ಯ ನಾಯಕರಿಗಿಂತ ಹೆಚ್ಚಾಗಿ ನಾಯಿಕೆಯರದು. ಮಹಾಶ್ವೇತೆ ಮತ್ತು ಕಾದಂಬರಿಯರು ಕಾದುಕೊಂಡಿದ್ದರಿಂದಲೇ ಪ್ರೇಮ ಮರಣವನ್ನು ಗೆಲ್ಲುತ್ತದೆ. ಮರುಹುಟ್ಟು ಇಲ್ಲಿ ಅಗಲಿದವರನ್ನು ಕೂಡಿಸುವ ಉಪಾಯ.

ನಾಗವರ್ಮನಿಗೆ ಹಲವು ದಶಕಗಳ ಹಿಂದೆಯೇ, 941ರ ಆದಿಪುರಾಣದಲ್ಲಿ, ಪಂಪನು ಇದೇ ಮಾದರಿಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದ್ದನು. ಜಿನಸೇನಾಚಾರ್ಯರ ಪೂರ್ವಪುರಾಣದಿಂದ ಬಂದ ಭವಾವಳಿಯಲ್ಲಿ ಲಲಿತಾಂಗದೇವ ಮತ್ತು ಸ್ವಯಂಪ್ರಭೆಯರ ಪ್ರೇಮವು ಸ್ವರ್ಗದ ಪ್ರೇಮ. ಲಲಿತಾಂಗನ ಕೊರಳ ಮಾಲೆ ಬಾಡತೊಡಗಿದಾಗ ಅವನಿಗೆ ಸಾವಿನ ಸೂಚನೆ ಸಿಗುತ್ತದೆ. ದೇವನಾದವನು ಅಧೀರನಾಗಿ ಹಲುಬುತ್ತಾನೆ. ಮುಂದಿನ ಜನ್ಮದಲ್ಲಿ ಸ್ವಯಂಪ್ರಭೆಯು ಶ್ರೀಮತಿಯಾಗಿ ಹುಟ್ಟಿ, ಪೂರ್ವಜನ್ಮದ ನೆನಪು ಮರುಕಳಿಸಿದಾಗ ಅದನ್ನು ಚಿತ್ರಪಟದಲ್ಲಿ ಬರೆಯುತ್ತಾಳೆ. ಅವಳ ದಾದಿ ಪಂಡಿತೆಯು ಆ ಪಟವನ್ನು ಚೈತ್ಯಾಲಯದಲ್ಲಿ ಹರಡಿ ಕಾಯುತ್ತಾಳೆ. ಅದನ್ನು ಗುರುತಿಸಿದ ವಜ್ರಜಂಘನೇ ಅಂದಿನ ಲಲಿತಾಂಗ. ಅವರ ದಾಂಪತ್ಯ ಕೊನೆಗೊಳ್ಳುವ ಬಗೆಯೂ ಪ್ರಣಯಕಥೆಗಳಲ್ಲಿ ಅಪೂರ್ವವಾದುದು: ಶಯ್ಯಾಗೃಹದ ಗವಾಕ್ಷಗಳನ್ನು ತೆರೆಯಲು ಪರಿಚಾರಕರು ಮರೆತಿದ್ದ ರಾತ್ರಿ, ಸುಗಂಧಧೂಪದ ಹೊಗೆ ಕವಿದು ಇಬ್ಬರೂ ಜೊತೆಯಲ್ಲೇ ಅಸುನೀಗುತ್ತಾರೆ. ಯಾವ ಶತ್ರುವೂ ಇಲ್ಲ, ಶಾಪವೂ ಇಲ್ಲ. ಭೋಗದ ಸಾಧನವೇ ಮೃತ್ಯುವಾಗುತ್ತದೆ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈ ಎರಡು ಜೀವಗಳು ಮುಂದೆಯೂ ಒಡನೊಡನೆ ಸಾಗುತ್ತವೆ, ಆದರೆ ಯಾವಾಗಲೂ ಗಂಡ ಹೆಂಡಿರಾಗಿ ಅಲ್ಲ. ಸುವಿಧಿಯ ಜನ್ಮದಲ್ಲಿ ಶ್ರೀಮತಿಯ ಜೀವವು ಅವನ ಮಗ ಕೇಶವನಾಗುತ್ತದೆ. ಆ ಪುತ್ರಸ್ನೇಹವೇ ಸುವಿಧಿಯನ್ನು ಮನೆಯಲ್ಲಿ ಉಳಿಸುತ್ತದೆ. ಕಡೆಗೆ ವಜ್ರಜಂಘನ ಜೀವವು ಆದಿತೀರ್ಥಂಕರ ವೃಷಭನಾಥನಾಗಿ ಆಹಾರಕ್ಕೆ ಬಂದಾಗ, ಮುನಿಗೆ ದಾನ ಕೊಡುವ ಕ್ರಮ ಯಾರಿಗೂ ತಿಳಿದಿರುವುದಿಲ್ಲ. ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಜಾತಿಸ್ಮರಣೆಯುಂಟಾಗುತ್ತದೆ. ಶ್ರೀಮತಿಯಾಗಿದ್ದಾಗ ವಜ್ರಜಂಘನೊಡನೆ ಚಾರಣಮುನಿಗಳಿಗೆ ಆಹಾರ ನೀಡಿದ್ದು ನೆನಪಾಗಿ, ಅವನು ಕಬ್ಬಿನ ಹಾಲನ್ನು ಅರ್ಪಿಸುತ್ತಾನೆ. ಮೊದಲ ಸ್ಮರಣೆ ಪ್ರಿಯನನ್ನು ದೊರಕಿಸಿತು; ಎರಡನೆಯದು ಅವನನ್ನು ಸಾಧು ಎಂದು ಗುರುತಿಸಿ ಕಳುಹಿಸಿಕೊಟ್ಟಿತು. ಪ್ರೇಮವನ್ನು ಹೀಗಳೆಯದೆ ಅದನ್ನು ದಾಟಿಸುವ ಈ ನಾಯಕನನ್ನು ಧೀರಲಲಿತನೆನ್ನಬೇಕೋ ಧೀರಪ್ರಶಾಂತನೆನ್ನಬೇಕೋ? ಒಂದೇ ಜೀವ ಎರಡೂ ಆಗಬಲ್ಲುದೆಂಬುದು ಭವಾವಳಿಯ ಉತ್ತರ. ಶಾಸ್ತ್ರವು ಪ್ರಕಾರಗಳೆಂದು ಹೇಳಿದುದನ್ನು ಪುರಾಣವು ಅವಸ್ಥೆಗಳೆಂದು ಕಂಡಿತು.

ಮೂರನೆಯ ಮಾದರಿ, ವಂಚಿತ ನಾಯಕ. ಜನ್ನನ ಯಶೋಧರಚರಿತೆ (1209) ಪ್ರಣಯಕಥೆಯ ಎಲ್ಲ ಸಾಮಗ್ರಿಯನ್ನೂ ತಲೆಕೆಳಗು ಮಾಡುತ್ತದೆ. ರಾಣಿ ಅಮೃತಮತಿಯ ಮನಸ್ಸು ಗಾನದ ಇಂಪಿಗೆ ಸೋತು, ವಿಕಾರರೂಪಿಯಾದ ಮಾವುತ ಅಷ್ಟಾವಂಕನಲ್ಲಿ ನೆಲೆಗೊಳ್ಳುತ್ತದೆ. ರೂಪ, ಕುಲ, ಐಶ್ವರ್ಯಗಳೆಂಬ ನಾಯಕಗುಣಗಳೆಲ್ಲ ಯಶೋಧರನಲ್ಲಿವೆ; ಪ್ರೇಮ ಮಾತ್ರ ಇನ್ನೊಬ್ಬನ ಪಾಲು. ಕಣ್ಣಾರೆ ಕಂಡಾಗಲೂ ಯಶೋಧರನು ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಲಕ್ಷಣಕಾರರ ದೃಷ್ಟಿಯಲ್ಲಿ ಇದೇ ಧೃತಿ. ಆದರೆ ತಾಯಿಯ ಮುಂದೆ ಸತ್ಯವನ್ನು ಹೇಳಲಾರದೆ ಕನಸಿನ ನೆಪ ಹೂಡುತ್ತಾನೆ. ಆ ಕನಸಿನ ಶಾಂತಿಗೆಂದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕಂದರ್ಪನ ಕನಸು ಮದುವೆಗೆ ಮುಟ್ಟಿಸಿದರೆ, ಯಶೋಧರನ ಹುಸಿಗನಸು ಸಂಕಲ್ಪಹಿಂಸೆಗೂ ಅದರ ಫಲವಾದ ತಿರ್ಯಗ್ಜನ್ಮಗಳಿಗೂ ದಾರಿಯಾಗುತ್ತದೆ.

ನಾಲ್ಕನೆಯ ಮಾದರಿ ಎಲ್ಲಕ್ಕಿಂತ ಕಠಿನವಾದುದು. 1230ರ ಅನಂತನಾಥಪುರಾಣದಲ್ಲಿ ಜನ್ನನು ಚಂಡಶಾಸನನ ಕಥೆಯನ್ನು ಬೆಳೆಸುತ್ತಾನೆ. ಪೋದನಪುರದ ವಸುಷೇಣನ ಅತಿಥಿಯಾಗಿ ಬಂದ ಗೆಳೆಯನು ಅವನ ರಾಣಿ ಸುನಂದೆಯನ್ನು ಬಯಸಿ ಅಪಹರಿಸುತ್ತಾನೆ. ಅವಳು ಮಣಿಯದಿದ್ದಾಗ ವಸುಷೇಣನ ತಲೆಯೆಂದು ಕೃತಕ ಶಿರಸ್ಸನ್ನು ತೋರಿಸುತ್ತಾನೆ. ಪತಿ ಸತ್ತನೆಂದು ನಂಬಿದ ಸುನಂದೆ ಆ ಆಘಾತದಲ್ಲೇ ಪ್ರಾಣ ಬಿಡುತ್ತಾಳೆ. ಆಗ ಚಂಡಶಾಸನನು ಅವಳ ಶವದೊಡನೆ ಚಿತೆಯನ್ನೇರುತ್ತಾನೆ. ಮಿತ್ರದ್ರೋಹ, ಅಪಹರಣ, ವಂಚನೆ ಎಲ್ಲವನ್ನೂ ಮಾಡಿದವನು ಕೊನೆಗೆ ತನ್ನ ಬಯಕೆಯೊಡನೆ ತಾನೂ ಸುಟ್ಟುಹೋಗುತ್ತಾನೆ.

ಇವನನ್ನು ನಾಯಕನೆನ್ನಬಹುದೇ? ಅನುಕೂಲಾದಿ ನಾಲ್ಕು ಹೆಸರುಗಳಲ್ಲಿ ಯಾವುದೂ ಇವನಿಗೆ ಹೊಂದದು. ಅವು ನಾಯಿಕೆಯ ಒಲವು ಇರುವ ಕಡೆ ಮಾತ್ರ ಸಲ್ಲುತ್ತವೆ. ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಕಂಡ ಬಿ. ಎಂ. ಶ್ರೀಕಂಠಯ್ಯನವರ ವಿಮರ್ಶೆಯ ಬಳಿಕ, ಚಂಡಶಾಸನನನ್ನೂ ಅದೇ ಸಾಲಿಗೆ ಸೇರಿಸಲು ಮನಸ್ಸಾಗುವುದು ಸಹಜ. ಆದರೆ ವ್ಯತ್ಯಾಸ ದೊಡ್ಡದು. ನಾಗಚಂದ್ರನ ರಾವಣನಿಗೆ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವಿದೆ, ಸೀತೆಯ ದೃಢತೆಯನ್ನು ಕಂಡು ಮನಸ್ಸು ತಿರುಗುವ ಗಳಿಗೆಯಿದೆ. ಚಂಡಶಾಸನನಿಗೆ ಅಂಥ ತಿರುವಿಲ್ಲ. ಅವನ ಚಿತಾರೋಹಣವನ್ನು ಪ್ರೇಮದ ಪರಾಕಾಷ್ಠೆಯೆಂದು ಹೊಗಳುವಾಗ ಒಂದು ಅಂಶ ಮರೆಯಾಗಬಾರದು: ಸುನಂದೆ ಬದುಕಿದ್ದಾಗ ಒಪ್ಪದ ಸಾಂಗತ್ಯವನ್ನು ಅವನು ಅವಳ ಹೆಣದ ಮೇಲೆ ಹೇರಿದನು. ಕಥೆಯ ಕೇಂದ್ರದಲ್ಲಿರುವುದರಿಂದ ಅವನು ನಾಯಕ, ಧೀರನಂತೂ ಅಲ್ಲ. ಕೇಂದ್ರವೂ ಧೈರ್ಯವೂ ಬೇರೆ ಬೇರೆಯಾಗಬಹುದೆಂದು ತೋರಿಸಿದ್ದೇ ಜನ್ನನ ಸಾಧನೆ.

ಇತ್ತ ವಸುಷೇಣನ ಪಾಡೂ ಸರಳವಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಕಾರ ಅವನು ದೀಕ್ಷೆ ಪಡೆದರೂ ತಪಸ್ಸಿನ ಫಲವನ್ನು ಲೌಕಿಕ ಬಯಕೆಗೆ ಒತ್ತೆಯಿಡುವ ನಿದಾನವನ್ನು ಮಾಡುತ್ತಾನೆ. ಮುಂದೆ ಒಬ್ಬನು ವಾಸುದೇವ ಪುರುಷೋತ್ತಮನಾಗಿ, ಇನ್ನೊಬ್ಬನು ಪ್ರತಿವಾಸುದೇವ ಮಧುಸೂದನನಾಗಿ ಹಗೆಗಳಾಗುತ್ತಾರೆ. ಅನ್ಯಾಯಕ್ಕೊಳಗಾದ ಸತ್ಪತಿಗೂ ಗಂಟು ಬಿಚ್ಚಲಿಲ್ಲ.

ಆದುದರಿಂದ ಹಳಗನ್ನಡದ ಪ್ರಣಯನಾಯಕರಿಗೆ ಧೀರಲಲಿತ, ಧೀರೋದಾತ್ತ ಎಂದು ಹೆಸರು ಹಚ್ಚಿ ಅಧ್ಯಯನವನ್ನು ಮುಗಿಸುವುದು ಅಪೂರ್ಣ. ಈ ಕಾವ್ಯಗಳಲ್ಲಿ ನಾಯಕನ ನಿಜವಾದ ಲಕ್ಷಣ ತಿಳಿಯುವುದು ಅವನು ಒಲಿಯುವಾಗ ಅಲ್ಲ, ಒಲಿದುದು ಕೈತಪ್ಪುವಾಗ. ಕಂದರ್ಪನು ಹುಡುಕುತ್ತಾನೆ, ಯಶೋಧರನು ಮುಚ್ಚಿಡುತ್ತಾನೆ, ಚಂಡಶಾಸನನು ಬಿಡಲಾರದೆ ಉರಿಯುತ್ತಾನೆ. ಬಾಡಿದ ಮಾಲೆಯನ್ನು ಕಂಡು ಹಲುಬಿದ ಲಲಿತಾಂಗನು ಮಾತ್ರ, ಹಲವು ಜನ್ಮಗಳ ಬಳಿಕ, ಶ್ರೇಯಾಂಸನ ಮುಂದೆ ಅಂಗೈಯೊಡ್ಡಿ ನಿಂತು, ಕೊಟ್ಟದ್ದನ್ನು ಸ್ವೀಕರಿಸಿ, ಮುಂದೆ ನಡೆಯುತ್ತಾನೆ.