ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿ
ಕ್ರೈಸ್ತ ಯುವಕರನ್ನು ಉಪದೇಶಿಗಳನ್ನಾಗಿ, ಅದಕ್ಕೂ ಮೊದಲು ಶೀಲವಂತರನ್ನಾಗಿ ರೂಪಿಸಲು ಮಂಗಳೂರಿನ ಬಲ್ಮಠದಲ್ಲಿ ನಡೆದ ವಸತಿ ಶಿಕ್ಷಣ ಸಂಸ್ಥೆ.  ಗುರು ಶಿಷ್ಯರ ಒಡನಾಟವನ್ನೇ ಪಾಠವಾಗಿಸಿದ ಪ್ರಯೋಗ ಇದು.

1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ (1811–1881) ಈ ಸೆಮಿನರಿಗೆ ಬೇರಾದ ಹುಡುಗರ ವಸತಿ ಶಾಲೆಯ ಹೊಣೆ ಹೊತ್ತರು. ಬಂಗಲೆಯಲ್ಲಿ ದೂರ ಕುಳಿತು ಬುದ್ಧಿ ಹೇಳುವುದು ಅವರಿಗೆ ಒಗ್ಗಲಿಲ್ಲ. ಹುಡುಗರ ಜೊತೆಗೇ ಇದ್ದು, ಅವರು ಉಣ್ಣುವುದನ್ನೇ ಉಂಡರು. ಪ್ರಾರ್ಥನೆ, ಓದು, ದುಡಿಮೆ ಎಲ್ಲವೂ ಒಂದೇ ಸೂರಿನಡಿ. ಈ ಒಡನಾಟವೇ ಅವರ ದೊಡ್ಡ ಕೊಡುಗೆ. 1843ರಲ್ಲಿ ಅವರು ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆಯ ಖ್ಯಾತಿಯಲ್ಲಿ ಇದು ಮರೆಯಾಗಬಾರದು.

ಮೋಗ್ಲಿಂಗರ ಶಿಷ್ಯರಲ್ಲಿ ಪ್ರಮುಖರು ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ. 1844ರಲ್ಲಿ ದೀಕ್ಷಾಸ್ನಾನ ಪಡೆದರು. ಬಂಧುಗಳ ವಿರೋಧ ತೀವ್ರವಾಗಿತ್ತು. ಆ ನೋವನ್ನು ಬಿಟ್ಟು ಈ ಚರಿತ್ರೆ ಬರೆಯುವುದು ನ್ಯಾಯವಲ್ಲ. 1846ರಲ್ಲಿ ಗುರುವಿನೊಡನೆ ಬಾಸೆಲ್‌ಗೆ ಹೋಗಿ ಓದಿದ ಅವರು 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು, ಅದೇ ಸೆಮಿನರಿಯಲ್ಲಿ ಪಾಠ ಹೇಳಿದರು. 

ಬಲ್ಮಠದ ಆ ನೆಲೆಯಲ್ಲಿ ಈಗ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ.